ಬೂದಿಯಲ್ಲಿ ಬರೆದ ಕ್ಯಾಬಿನ್ನುಗಳು

ಅತ್ತೆಯ ಕಣ್ಣಿನ ಅಳತೆಯನ್ನು ನಾನು ಜೂನ್ ತಿಂಗಳ ಮೊದಲ ಭಾನುವಾರದಿಂದ ಬರೆದಿಡಲು ಶುರುಮಾಡಿದೆ. ಬಬ್ಬೂರಿನ ಅವಳ ಮನೆಯಲ್ಲಿ ಸುಣ್ಣ ಬಳಿದ ಗೋಡೆಗೆ ಎದುರಾಗಿ ಕುರ್ಚಿ ಹಾಕುತ್ತಿದ್ದೆ. ಗೋಡೆಯ ನಡುವೆ ಇದ್ದಿಲಿನ ಬೊಟ್ಟು. ಅವಳು ಅದನ್ನೇ ನೋಡುತ್ತಾ ಕೂರಬೇಕು. ನಾನು ತುದಿಗೆ ಕೆಂಪು ಬಟ್ಟೆ ಸುತ್ತಿದ ಕಡ್ಡಿಯನ್ನು ಗೋಡೆಯ ಅಂಚಿನಿಂದ ಬೊಟ್ಟಿನ ಕಡೆಗೆ ಮೆಲ್ಲಗೆ ತರುತ್ತೇನೆ. ಕೆಂಪು ಕಂಡ ಕೂಡಲೇ ಅವಳು "ಬಂತು" ಅನ್ನಬೇಕು. ಅಲ್ಲಿ ಪೆನ್ಸಿಲ್ಲಿನಿಂದ ಗೆರೆ. ಮೊದಲ ಭಾನುವಾರ ಎಡಕ್ಕೆ ಐದು ಗೇಣು, ಬಲಕ್ಕೆ ನಾಲ್ಕೂವರೆ ಇತ್ತು. ಜುಲೈ ಮುಗಿಯುವ ಹೊತ್ತಿಗೆ ಎಡಕ್ಕೆ ನಾಲ್ಕು, ಬಲಕ್ಕೆ ಮೂರು.

ನಾನು ಚಿತ್ರದುರ್ಗದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಳೆಯದೆ ಬಿಡುವುದು ನನಗೆ ಬರುವುದಿಲ್ಲ. ಅತ್ತೆ ಎಂದರೆ ನನ್ನಪ್ಪನ ಅಕ್ಕ. ಅವಳೂ ಹಾಗೆಯೇ. ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೊಲದ ಕೂಲಿಯಾಗಿ ಸೇರಿ, ಆಮೇಲೆ ಬೀಜದ ಕೋಣೆಗೆ ಬಂದು, ಒದ್ದೆ ಕಾಗದದ ಮೇಲಿಟ್ಟ ನೂರು ಬೀಜಗಳಲ್ಲಿ ಎಷ್ಟು ಮೊಳೆತವು ಎಂದು ಎಣಿಸುತ್ತಲೇ ನಿವೃತ್ತಳಾದಳು. ಆ ಕೆಲಸಕ್ಕೆ ಒಳ್ಳೆಯ ಕಣ್ಣು ಬೇಕಿತ್ತು, ಅವಳಿಗೆ ಇತ್ತು. ಈಗ ಕಣ್ಣಿನೊಳಗಿನ ಒತ್ತಡ ಏರಿ ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತಿತ್ತು. ಹೋದದ್ದು ಹೋಯಿತು, ಇರುವುದನ್ನು ಹನಿ ಔಷಧಿಯಿಂದ ಕೆಲಕಾಲ ಹಿಡಿದಿಡಬಹುದು ಎಂದು ಚಿತ್ರದುರ್ಗದ ಡಾಕ್ಟರು ಹೇಳಿದರು. ಎಷ್ಟು ಕಾಲ ಎಂದು ನಾನು ಕೇಳಿದ್ದಕ್ಕೆ, ವರ್ಷ ಇರಬಹುದು, ಅದಕ್ಕಿಂತ ಕಡಿಮೆಯೂ ಇರಬಹುದು ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆಗೆ ಕಿಟಕಿಯ ಪಕ್ಕದ ಸೀಟು ಕೊಟ್ಟೆ. ಹಿರಿಯೂರು ಹತ್ತಿರ ಬಂದಾಗ, "ಸಮುದ್ರ ನೋಡ್ಬೇಕು ಕಣ್ಲೇ," ಅಂದಳು.

"ಮುರುಡೇಶ್ವರಕ್ಕೆ ಹೋಗಾಣ. ಬೆಳಿಗ್ಗೆ ಬಸ್ಸು ಹತ್ತಿದ್ರೆ ಸಂಜೆಗೆ ದಡದಾಗಿರ್ತೀವಿ."

"ದಡ ಬ್ಯಾಡ. ದಡದಾಗೆ ನಿಂತ್ರೆ ಅರ್ಧ ಮಣ್ಣು, ಅರ್ಧ ನೀರು. ನಂಗೆ ಕಾಣೋದೇ ಇಷ್ಟು," ಎಂದು ಎರಡೂ ಕೈ ಕೂಡಿಸಿ ಬೋಗುಣಿಯಷ್ಟು ಅಗಲ ತೋರಿಸಿದಳು. "ಇಷ್ಟ್ರಾಗೆ ನೀರೆಲ್ಲೈತೆ ಅಂತ ಹುಡುಕ್ಕಂಡು ಕುಂದ್ರಲಾ? ಎತ್ತಾಗೆ ತಿರುಗಿದ್ರೂ ನೀರೇ ಇರ್ಬೇಕು."

"ಮಾರಿಕಣಿವೆ ಡ್ಯಾಮ್ ನೋಡಿದೀಯಲ್ಲ ಅತ್ತೆ."

"ನೋಡ್ದೆ ಏನು. ಅದ್ಕೂ ಆ ಕಡೆ ಗುಡ್ಡ ಐತೆ."

ಹೀಗಾಗಿ ಹಡಗಿನ ಪ್ರವಾಸದ ವಿಷಯ ಬಂತು. ಒಂಬತ್ತು ದಿನ ಇಂಟರ್ನೆಟ್ಟಿನಲ್ಲಿ ಅದರ ಬಗ್ಗೆ ಓದಿದೆ. ಮಳೆಗಾಲ ಮುಗಿದ ಮೇಲೆ ಮುಂಬೈನಿಂದ ಹೊರಟು ಲಕ್ಷದ್ವೀಪದ ಕಡೆ ಹೋಗಿ ಮರಳುವ ನಾಲ್ಕು ರಾತ್ರಿಯ ಪ್ರಯಾಣಕ್ಕೆ ಎರಡು ಹಡಗುಗಳಿದ್ದವು. ಒಂದು ಹೊಸದು, ಊರಿನಷ್ಟು ದೊಡ್ಡದು, ಮೇಲಿನ ಅಂತಸ್ತಿನಲ್ಲಿ ಜಾರುಬಂಡೆ, ಈಜುಕೊಳ, ಡಿಜೆ. ಇನ್ನೊಂದು ಹಳೆಯದು, ಚಿಕ್ಕದು, ಫೋಟೋಗಳಲ್ಲಿ ರತ್ನಗಂಬಳಿಯ ಬಣ್ಣ ಮಾಸಿತ್ತು. ಜನ ಹೊಸದನ್ನೇ ಹೊಗಳಿ ಬರೆದಿದ್ದರು. ನಾನು ಹಳೆಯದನ್ನು ಆರಿಸಿದೆ. ಅಂಚಿನ ನೋಟ ಇಲ್ಲದವರಿಗೆ ಜನಜಂಗುಳಿಯೇ ಕಷ್ಟ. ಪಕ್ಕದಿಂದ ಬರುವವರು ಮೈಗೆ ತಗಲುವವರೆಗೂ ಗೊತ್ತಾಗುವುದಿಲ್ಲ. ಚಿಕ್ಕ ಹಡಗಿನಲ್ಲಿ ಲಿಫ್ಟಿನಿಂದ ಊಟದ ಮನೆಗೆ ನಡಿಗೆಯೂ ಕಡಿಮೆ.

ಕ್ಯಾಬಿನ್ನಿನ ಲೆಕ್ಕ ಇದಕ್ಕಿಂತ ಕಷ್ಟದ್ದು. ಹಡಗಿನ ಮಧ್ಯದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಇದ್ದರೆ ತೂಗಾಟ ಕಡಿಮೆ. ಮೂತಿಯ ಕಡೆ ಅಲೆ ಬಡಿಯುತ್ತದೆ, ಬಾಲದ ಕಡೆ ಎಂಜಿನ್ ನಡುಗುತ್ತದೆ. ತಲೆಯ ಮೇಲೆ ಅಡುಗೆಮನೆಯೋ ನಾಟ್ಯದ ಸಭಾಂಗಣವೋ ಇರಬಾರದು, ಮೇಲೂ ಕೆಳಗೂ ಬರೀ ಕ್ಯಾಬಿನ್ನುಗಳೇ ಇದ್ದರೆ ಒಳ್ಳೆಯದು. ಪಕ್ಕದ ಕ್ಯಾಬಿನ್ನಿಗೆ ನಡುಬಾಗಿಲು ಇದ್ದರೆ ಅವರ ಮಾತೆಲ್ಲ ನಮಗೆ ಕೇಳುತ್ತದೆ. ಇದೆಲ್ಲ ಸೇರಿ ಹನ್ನೊಂದು ಖಾನೆಗಳ ಪಟ್ಟಿ ಮಾಡಿದೆ. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಕಿಟಕಿ. ಬಿಸಿಲಿನ ಝಳ ಅತ್ತೆಯ ಕಣ್ಣಿಗೆ ಆಗದು, ಹಡಗಿನ ಮೇಲಂತಸ್ತಿನ ಬಯಲಲ್ಲಿ ಹೆಚ್ಚು ಹೊತ್ತು ಕೂರಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಅಂದರೆ ಅವಳು ಸಮುದ್ರ ನೋಡುವುದಿದ್ದರೆ ನೆರಳಲ್ಲಿ ಕೂತು, ಕಿಟಕಿಯಿಂದ ನೋಡಬೇಕು. ಆ ಕಿಟಕಿ ಸಿಗದಿದ್ದರೆ ಮುಂದಿನ ವರ್ಷ ಎನ್ನುವುದು ಅವಳಿಗೆ ಇರಲಿಲ್ಲ.

ಬುಕಿಂಗ್ ಏಜೆಂಟನೊಬ್ಬನಿಗೆ ಫೋನು ಮಾಡಿದೆ.

"ಗ್ಯಾರಂಟಿ ಕ್ಯಾಬಿನ್ ತಗೊಂಡ್ಬಿಡಿ ಸರ್, ಎಲ್ಲಕ್ಕಿಂತ ಚೀಪು."

"ಯಾವ ನಂಬರು?"

"ನಂಬರ್ ಕಂಪ್ನಿಯೋರು ಹೊರಡೋ ಹೊತ್ತಿಗೆ ಕೊಡ್ತಾರೆ. ಲಕ್ ಇದ್ರೆ ಬಾಲ್ಕನಿನೇ ಸಿಗ್ಬೋದು ಸರ್."

"ಲಕ್ ಇಲ್ದಿದ್ರೆ?"

"ಒಳಗಿನ ರೂಮು. ಕಿಟಕಿ ಇರಲ್ಲ ಅಷ್ಟೆ. ಕಣ್ಣು ಮುಚ್ಚಿದ್ರೆ ಎಲ್ಲಾ ರೂಮೂ ಒಂದೇ ಅಲ್ವಾ ಸರ್?"

ಫೋನು ಇಟ್ಟುಬಿಟ್ಟೆ. ನಂಬರನ್ನು ನಾನೇ ನೋಡಿ ಆರಿಸುವುದೆಂದು ತೀರ್ಮಾನಿಸಿದೆ. ಅವತ್ತಿನಿಂದ ಪ್ರತಿ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಹಡಗು ಕಂಪನಿಯ ವೆಬ್ ಪುಟ ತೆರೆದು, ಯಾವ ಕಿಟಕಿಯ ಕ್ಯಾಬಿನ್ನುಗಳು ಖಾಲಿ ಇವೆ, ಯಾವುವು ಹೋದವು ಎಂದು ಬರೆದಿಡತೊಡಗಿದೆ.

ಆಗಸ್ಟ್ ಮೊದಲ ವಾರ ಚಿಕ್ಕಪ್ಪ ರಾಮಗಿರಿಯಿಂದ ಬಂದ. ಅತ್ತೆಯ ತಮ್ಮ ಅವನು. ಈಗಲೂ ಕುರಿ ಸಾಕುವವನು ನಮ್ಮ ಮನೆತನದಲ್ಲಿ ಅವನೊಬ್ಬನೇ. ನಾನು ಹಿರಿಯೂರಿನ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿ ಅಂಟಿಸಿದ್ದ ಹಡಗಿನ ನಕ್ಷೆ ನೆಲದ ಮೇಲೆ ಹರಡಿತ್ತು. ಅವನು ಸುತ್ತಲೂ ಒಂದು ಸುತ್ತು ಬಂದ.

"ಏನಪ್ಪ ಶಾನುಭೋಗ, ಹೊಲದ ಸರ್ವೆ ನಡ್ಸೀಯಾ?"

ಹೇಳಿದೆ. ಅವನು ಅತ್ತೆಯ ಕಡೆ ತಿರುಗಿದ. "ಅಲ್ಲವ್ವ, ನೀರಿನ ಮ್ಯಾಲೆ ಐದು ದಿನ ಮಲಗ್ತೀಯಂತೆ. ಜಾಗ ಕೇಳೀರೇನು?"

"ಇವ್ನಿಗೇನು ಗೊತ್ತು ಅದೆಲ್ಲ," ಎಂದಳು ಅತ್ತೆ.

ನನಗೆ ಗೊತ್ತಿತ್ತು, ನೋಡಿರಲಿಲ್ಲ ಅಷ್ಟೆ. ಗೊಬ್ಬರಕ್ಕೆಂದು ಹೊಲದವರು ಕುರಿ ಮಂದೆಯನ್ನು ರಾತ್ರಿ ಹೊಲದಲ್ಲೇ ತರುಬಿ ನಿಲ್ಲಿಸಲು ಕರೆದಾಗ, ನಮ್ಮವರು ಹೊಸ ಹೊಲವಾದರೆ ಮೊದಲು ಜಾಗ ಕೇಳುತ್ತಾರೆ. ಮಟಮಟ ಮಧ್ಯಾಹ್ನ, ಮಂದೆ ನಿಲ್ಲುವ ಅಳತೆಗೆ ಸರಿಯಾಗಿ ನೆಲದ ಮೇಲೆ ಬೂದಿಯ ಗೆರೆ ಎಳೆದು, ಬಾಗಿಲಿಗೆ ಸಂದು ಬಿಟ್ಟು, ಒಬ್ಬರು ಒಳಗೆ ಹೋಗಿ ಮುಖದ ಮೇಲೆ ಕಂಬಳಿ ಎಳೆದುಕೊಂಡು ಮಲಗಬೇಕು. ನಿದ್ದೆ ಮಾಡಬಾರದು. ನೆಟ್ಟ ಕೋಲಿನ ನೆರಳು ನಾಲ್ಕು ಬೆರಳು ಸರಿದ ಮೇಲೆ ಎದ್ದು, ಜಾಗ ಖಾಲಿ ಇದೆಯೋ, ಅಲ್ಲಿ ಯಾರಾದರೂ ಇದ್ದಾರೋ ಹೇಳಬೇಕು. ಇದ್ದಾರೆ ಅಂದರೆ ಮಂದೆ ಮುಂದಿನ ಹೊಲಕ್ಕೆ ಹೋಗುತ್ತದೆ. ಯಾರಿದ್ದಾರೆ ಎಂದು ಯಾರೂ ಕೇಳುವುದಿಲ್ಲ.

"ಚಿಕ್ಕಪ್ಪ, ಹಡಗು ಮುಂಬೈಯಾಗೈತೆ. ಇಲ್ಲಿ ಮಲಗಿ ಅಲ್ಲಿದು ಕೇಳಾಕಾಗ್ತೈತಾ?"

"ಜಾಗ ಅಂದ್ರೆ ಮಣ್ಣಲ್ಲಲೇ, ಅಳತೆ. ಅಳತೆ ಸರಿ ಇದ್ರಾತು. ನಿನ್ನ ತಾವ ಐತಲ್ಲ, ಇಂಚು ಇಂಚೂ ಬರ್ಕಂಡೀಯ."

ನಾನು ಒಪ್ಪಿದ್ದು ಬೇರೆ ಕಾರಣಕ್ಕೆ. ಕ್ಯಾಬಿನ್ನನ್ನು ನಿಜವಾದ ಅಳತೆಯಲ್ಲಿ ಹಿತ್ತಲಲ್ಲಿ ಬರೆದರೆ, ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ಬಾಗಿಲು ಯಾವ ಕೈಗೆ ಎಂಬುದು ಅತ್ತೆಗೆ ಹೊರಡುವ ಮೊದಲೇ ರೂಢಿಯಾಗುತ್ತಿತ್ತು. ಅಲ್ಲಿ ಹೋಗಿ ತಡವರಿಸುವುದು ತಪ್ಪುತ್ತಿತ್ತು.

ಮುಂದಿನ ಭಾನುವಾರ ಟೇಪು ಹಿಡಿದು ಬರೆದೆವು. ಹದಿನೇಳು ಅಡಿ ಉದ್ದ, ಒಂಬತ್ತೂವರೆ ಅಡಿ ಅಗಲ. ಒಲೆಯ ಬೂದಿಯಲ್ಲಿ ಗೋಡೆ, ಮಂಚ, ಬಚ್ಚಲು, ತುದಿಯಲ್ಲಿ ಕಿಟಕಿಗೆ ಎರಡು ಗೆರೆ. ಆರನೆಯ ಅಂತಸ್ತಿನ, ಸ್ವಲ್ಪ ಮೂತಿಯ ಕಡೆಗಿದ್ದ ಒಂದು ಕ್ಯಾಬಿನ್ ಅದು. ಅತ್ತೆ ಸಂದಿನಿಂದ ಒಳಗೆ ಹೋಗಿ, ಮಂಚದ ಗೆರೆಯೊಳಗೆ ಕಂಬಳಿ ಮುಸುಕಿಕೊಂಡು ಮಲಗಿದಳು. ಗಾಳಿ ಇರಲಿಲ್ಲ. ಕೋಲಿನ ನೆರಳು ಎರಡು ಬೆರಳೂ ಸರಿದಿರಲಿಲ್ಲ, ಅವಳು ಎದ್ದು ಕೂತಳು.

"ಬಾಗಿಲ ತಾವ ಯಾರೋ ನಿಂತವ್ರೆ."

ಬೂದಿಯ ಗೆರೆಯ ಆಚೆ ಈಚೆ ನೋಡಿದೆ. ಒಂದು ಇರುವೆಯೂ ಇರಲಿಲ್ಲ. ಚಿಕ್ಕಪ್ಪ ಆಗಲೇ ಟವೆಲು ಕೊಡವಿ ಎದ್ದಿದ್ದ. "ಹಂಗಾದ್ರೆ ಇದು ನಮ್ದಲ್ಲ, ಬರ್ರಿ, ಊಟ ಮಾಡಾಣ."

ಸೋಮವಾರ ಏಳು ಹತ್ತಕ್ಕೆ ಪುಟ ತೆರೆದಾಗ ಆ ಕ್ಯಾಬಿನ್ ಹೋಗಿತ್ತು. ಅದರ ಅಕ್ಕಪಕ್ಕದವು ಹಾಗೇ ಇದ್ದವು.

ಒಂದು ಸಲ ಆದದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮತ್ತೆ ನಾಲ್ಕು ಭಾನುವಾರ, ಐದು ಕ್ಯಾಬಿನ್ನು. ಅಳತೆ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ, ಆದರೆ ಪ್ರತಿಸಲ ಹಳೆಯ ಬೂದಿ ಗುಡಿಸಿ ಹೊಸದಾಗಿ ಎಳೆಯಬೇಕೆಂದು ಚಿಕ್ಕಪ್ಪನ ಹಟ. ಗೆರೆ ಎಳೆಯುವಾಗ ಕ್ಯಾಬಿನ್ನಿನ ನಂಬರನ್ನು ನಾನು ಬಾಯಿಬಿಟ್ಟು ಹೇಳಬೇಕಿತ್ತು. ನನ್ನ ಪುಸ್ತಕದಲ್ಲಿ ಹೀಗಿದೆ: ಕೇಳಿದ್ದು ಒಟ್ಟು ಆರು, ಯಾರೋ ಇದ್ದಾರೆಂದು ಅತ್ತೆ ಹೇಳಿದ್ದು ನಾಲ್ಕು, ಆ ನಾಲ್ಕೂ ಮರುದಿನ ಬೆಳಿಗ್ಗೆ ಹೋಗಿದ್ದವು. ಖಾಲಿ ಎಂದದ್ದು ಎರಡು. ಅವೆರಡೂ ವಾರಗಟ್ಟಲೆ ಹಾಗೇ ಇದ್ದವು.

ಐದನೆಯ ಭಾನುವಾರ ನಾನು ಒಂದು ಮೋಸ ಮಾಡಿದೆ. ತಿಂಗಳ ಹಿಂದೆಯೇ ಯಾರೋ ಬುಕ್ ಮಾಡಿದ್ದ ಒಂದು ಕ್ಯಾಬಿನ್ನಿನ ನಂಬರು ಹೇಳಿ ಗೆರೆ ಎಳೆದೆ. ಅತ್ತೆ ಮಲಗಲೇ ಇಲ್ಲ. ಬಾಗಿಲಿನ ಸಂದಿನಲ್ಲಿ ನಿಂತು ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ಲೇ, ಮಂದಿ ಇರೋ ಮನಿಗೆ ನುಗ್ಗಿಸ್ತೀಯಲ್ಲೋ. ಸಣ್ಣ ಕೂಸೂ ಐತೆ."

ಬೂದಿ ಗುಡಿಸಿದೆ. ಆ ಪರೀಕ್ಷೆಯನ್ನು ಲೆಕ್ಕದಲ್ಲಿ ಸೇರಿಸಿಲ್ಲ, ಪುಟದ ಅಂಚಿನಲ್ಲಿ ಬರೆದಿದ್ದೇನೆ.

ಅದೇ ದಿನ ಸಂಜೆ ಗೋಡೆಯ ಅಳತೆ ಮಾಡಬೇಕಿತ್ತು. ಅತ್ತೆ ಕುರ್ಚಿಯಲ್ಲಿ ಕೂತು ಬೊಟ್ಟು ನೋಡುತ್ತಿದ್ದಳು. ನಾನು ಎಡಗಡೆ ನಿಂತು ಕಡ್ಡಿಯ ಬಟ್ಟೆ ಬಿಗಿ ಮಾಡುತ್ತಿದ್ದೆ.

"ಬಂತು," ಅಂದಳು.

"ಇನ್ನೂ ಕಡ್ಡಿ ಎತ್ತಿಲ್ಲ ಅತ್ತೆ."

ಅವಳು ಬೊಟ್ಟಿನಿಂದ ಕಣ್ಣು ತೆಗೆಯಲಿಲ್ಲ. "ಹಂಗಾದ್ರೆ ಬಲಗಡೆಯಿಂದ ಬಂದೋರ್ಯಾರು?"

ಬಲಗಡೆ ಬರೀ ಗೋಡೆ, ಅದರ ಮೇಲೆ ನಾನೇ ಎಳೆದ ಪೆನ್ಸಿಲ್ ಗೆರೆಗಳು. ಆ ಭಾನುವಾರದ ಅಂಕಿ ಎಡಕ್ಕೆ ಮೂರೂಕಾಲು. ಬಲದ ಖಾನೆ ಖಾಲಿ ಬಿಟ್ಟಿದ್ದೇನೆ.

ಡಾಕ್ಟರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಕಣ್ಣು ಕಳಿಸದೆ ಇರುವ ಜಾಗಕ್ಕೆ ಮೆದುಳು ತಾನೇ ಚಿತ್ರ ತುಂಬುವುದುಂಟು, ಜನ ಕಾಣುವುದು, ಮಕ್ಕಳು ಕಾಣುವುದು, ಅದು ಹುಚ್ಚಲ್ಲ, ಹೆದರಬೇಡಿ ಎಂದರು. ಅತ್ತೆ ತಲೆಯಾಡಿಸಿದಳು. ಹೊರಗೆ ಬಂದು ಔಷಧಿ ಅಂಗಡಿಯ ಮುಂದೆ ನಿಂತಾಗ, "ಪಾಪ, ಆ ಡಾಕ್ಟರಿಗೆ ಅವೆಲ್ಲ ಕಾಣಲ್ಲ, ಅದ್ಕೇ ಹಂಗಂತಾನೆ," ಎಂದು ನಕ್ಕಳು. ನಾನೂ ನಕ್ಕೆ. ಡಾಕ್ಟರ ಮಾತು ಸರಿಯಿತ್ತು. ಅದು ಗೋಡೆಯ ಬಲಗಡೆಗೆ ಉತ್ತರವಾಗುತ್ತಿತ್ತು, ಏಳು ಹತ್ತರ ಪಟ್ಟಿಗೆ ಆಗುತ್ತಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಕಿಟಕಿಯ ಕ್ಯಾಬಿನ್ನುಗಳು ಬೇಗ ಬೇಗ ಹೋಗತೊಡಗಿದವು. ಗೋಡೆಯ ಅಳತೆ ಎಡಕ್ಕೆ ಎರಡೂವರೆ ಗೇಣು, ಬಲಕ್ಕೆ ಎರಡು. ಅತ್ತೆ ಖಾಲಿ ಎಂದಿದ್ದ ಎರಡರಲ್ಲೇ ಒಂದನ್ನು ಆರಿಸಬೇಕಿತ್ತು. ಒಂದು ಐದನೆಯ ಅಂತಸ್ತಿನ ತುತ್ತತುದಿಯಲ್ಲಿ, ಬಾಲದ ಕಡೆಯ ಮೂಲೆ. ಇನ್ನೊಂದು ಏಳನೆಯ ಅಂತಸ್ತಿನ ಮಧ್ಯದಲ್ಲಿ, ಮೇಲೂ ಕೆಳಗೂ ಕ್ಯಾಬಿನ್ನುಗಳೇ, ಲಿಫ್ಟಿಗೆ ಇಪ್ಪತ್ತು ಹೆಜ್ಜೆ. ನನ್ನ ಹನ್ನೊಂದು ಖಾನೆಗಳಲ್ಲಿ ಎಂಟರಲ್ಲಿ ಇದೇ ಮುಂದು. ದರವೂ ಕಡಿಮೆ. ಯಾಕೆ ಕಡಿಮೆ ಎಂದು ಕೇಳಿಕೊಳ್ಳಬೇಕಿತ್ತು.

ಚಿಕ್ಕಪ್ಪ ನಕ್ಷೆಯ ಮೇಲೆ ಬೆರಳಾಡಿಸಿದ. ಏಳನೆಯ ಅಂತಸ್ತಿನ ಕ್ಯಾಬಿನ್ನುಗಳ ಹೊರಗೆ, ಹಡಗಿನ ಅಂಚಿನ ಉದ್ದಕ್ಕೂ ಉದ್ದುದ್ದ ಗುರುತುಗಳ ಸಾಲಿತ್ತು.

"ಇವೇನು, ಬೇಲಿ ಇದ್ದಂಗವೆ?"

"ಹೊರಗಡೆ ಏನೋ ಸಾಮಾನು ಕಟ್ಟಿರ್ತಾರೆ ಅನ್ಸುತ್ತೆ."

"ಹಂಗಾದ್ರೆ ಇದೇ ಆಗ್ಲಿ. ಮಂದೇನ ಯಾವಾಗ್ಲೂ ಬೇಲಿ ಮಗ್ಗುಲಿಗೆ ಹಾಕ್ಬೇಕು. ಬಯಲಂಚಿಗೆ ಹಾಕಿದ್ರೆ ಗಾಳಿ ಬಡೀತೈತೆ, ತೋಳ ಬರ್ತೈತೆ."

"ಸಮುದ್ರದಾಗೆ ತೋಳನಾ?" ಎಂದಳು ಅತ್ತೆ.

"ನೀರಾಗೆ ಏನೇನೈತೋ ನೀ ಕಂಡೀಯಾ?"

ಬೇಲಿಯ ಮಗ್ಗುಲು ಎಂಬ ಮಾತು ನನಗೂ ಸರಿ ಅನ್ನಿಸಿತು. ನಾವು ಹಾಗೇ ಬೆಳೆದವರು, ಹೊರಗಡೆ ಏನಾದರೂ ಆಸರೆ ಇದ್ದರೆ ಆ ಜಾಗ ಒಳ್ಳೆಯದೆಂದೇ ನಮ್ಮ ಎಣಿಕೆ. ಕ್ಯಾಬಿನ್ ನಂಬರಿನ ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರದ ಗುರುತಿತ್ತು. ನನ್ನ ಪಟ್ಟಿಯಲ್ಲಿ ನಕ್ಷತ್ರಕ್ಕೆ ಖಾನೆ ಇರಲಿಲ್ಲ. ಬುಕ್ ಮಾಡಿದೆ.

ನವೆಂಬರಿನಲ್ಲಿ ಹೊರಟೆವು. ರೈಲು ತಡವಾದರೂ ಹಡಗು ತಪ್ಪದಿರಲೆಂದು ಒಂದು ದಿನ ಮೊದಲೇ ಮುಂಬೈ ಸೇರಿದ್ದೆವು. ಹಡಗು ಹತ್ತಿದ ಮೇಲೆ ಅತ್ತೆ ನನ್ನ ಕೈ ಬಿಟ್ಟು, ಓಣಿಯ ಗೋಡೆ ಸವರಿಕೊಂಡು ತಾನೇ ನಡೆದಳು. ಕ್ಯಾಬಿನ್ನಿನೊಳಗೆ ಮಂಚ, ಬಚ್ಚಲು, ಕುರ್ಚಿ ಎಲ್ಲ ಹಿತ್ತಲಲ್ಲಿ ಇದ್ದಂತೆಯೇ ಇದ್ದವು. ಎಲ್ಲೂ ತಡವರಿಸದೆ ಹೋಗಿ ಮಂಚದ ಮೇಲೆ ಕೂತಳು. ಪರದೆ ಮುಚ್ಚಿತ್ತು.

ಹಡಗು ಹೊರಟು ಒಂದು ಗಂಟೆಯಾದ ಮೇಲೆ, ಸುತ್ತ ನೀರಾದಾಗಲೇ ಪರದೆ ತೆಗೆ ಅಂದಿದ್ದಳು. ಐದೂ ಇಪ್ಪತ್ತಕ್ಕೆ ತೆಗೆದೆ.

ಕಿಟಕಿಯ ತುಂಬ ಕಿತ್ತಳೆ ಬಣ್ಣ. ಗಾಜಿನಿಂದ ಒಂದೂವರೆ ಮೊಳ ಆಚೆಗೆ, ತೂಗುಹಾಕಿದ ಜೀವರಕ್ಷಕ ದೋಣಿಯ ಹೊಟ್ಟೆ, ಈ ಅಂಚಿನಿಂದ ಆ ಅಂಚಿನವರೆಗೆ. ಮೇಲುಗಡೆ ನಾಲ್ಕು ಬೆರಳಿನಷ್ಟು ಬಿಳಿ ಆಕಾಶ ಇತ್ತು. ನೀರು ಒಂದು ಹನಿಯೂ ಇರಲಿಲ್ಲ. ನಕ್ಷೆಯ ಬೇಲಿ ಏನೆಂದು ಆಗ ಗೊತ್ತಾಯಿತು.

"ತೆಗ್ದೇನ್ಲೇ?"

"ಹ್ಞೂಂ ಅತ್ತೆ."

ಅವಳು ಬಂದು ಕುರ್ಚಿಯಲ್ಲಿ ಕೂತು ಗಾಜಿನ ಹತ್ತಿರಕ್ಕೆ ಮುಖ ತಂದಳು. ಹೇಳಿಯೇಬಿಡೋಣ ಎಂದು ಅವಳ ಹೆಗಲ ಮೇಲೆ ಕೈ ಇಟ್ಟೆ.

"ಅಬ್ಬಾ," ಎಂದಳು ಮೆಲ್ಲಗೆ. "ಎಷ್ಟಗಲ ಐತಲ್ಲೋ."

ಕೈ ತೆಗೆದೆ. ಅವಳು ನಗುತ್ತಿದ್ದಳು, ಕಣ್ಣು ಎಡದಿಂದ ಬಲಕ್ಕೆ ನಿಧಾನವಾಗಿ ಹೋಗುತ್ತಿತ್ತು, ದೂರದಲ್ಲಿ ಏನನ್ನೋ ಹಿಂಬಾಲಿಸುವವರ ಹಾಗೆ. ಒಂದೂವರೆ ಮೊಳದಲ್ಲಿರುವುದನ್ನು ನೋಡುವ ಕಣ್ಣು ಅಲ್ಲ ಅದು.

ಕೆಳಗಿನ ಕೌಂಟರಿಗೆ ಓಡಿದೆ. ಅಲ್ಲಿದ್ದ ಹುಡುಗಿ ಕಂಪ್ಯೂಟರಿನಲ್ಲಿ ನೋಡಿ, ನಕ್ಷತ್ರದ ಗುರುತಿದ್ದರೆ ಕಿಟಕಿಗೆ ಏನೋ ಅಡ್ಡ ಇದೆ ಎಂದು ಅರ್ಥ, ಅದಕ್ಕೇ ದರ ಕಡಿಮೆ, ಬೇರೆ ಕಿಟಕಿಯ ಕ್ಯಾಬಿನ್ ಒಂದೂ ಖಾಲಿ ಇಲ್ಲ ಎಂದು ಹಿಂದಿಯಲ್ಲಿ ಹೇಳಿದಳು. ದನಿ ಮೃದುವಾಗಿತ್ತು. ಅದರಿಂದ ನನಗೆ ಇನ್ನಷ್ಟು ನಾಚಿಕೆಯಾಯಿತು. ಆರು ತಿಂಗಳು ಅಳೆದವನು ಒಂದು ಗುರುತು ಓದಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಯನ್ನು ಮೇಲಿನ ಬಯಲಿಗೆ ಕರೆದುಕೊಂಡು ಹೋದೆ. ನಿಜವಾದ ಸಮುದ್ರವನ್ನು ಒಂದು ಗಳಿಗೆಯಾದರೂ ತೋರಿಸಬೇಕು ಎಂದು. ಕಟಕಟೆ ಹಿಡಿದು ನಿಲ್ಲಿಸಿದೆ. ಎತ್ತ ತಿರುಗಿದರೂ ನೀರೇ, ಅವಳು ಕೇಳಿದ ಹಾಗೆಯೇ. ಅವಳು ಕಣ್ಣು ಕಿರಿದು ಮಾಡಿದಳು, ಕೈ ಅಡ್ಡ ಹಿಡಿದಳು, ಕಣ್ಣಿನಿಂದ ನೀರು ಸುರಿಯಿತು.

"ಬರೀ ಬಿಳೀದು ಕಣ್ಲೇ. ಸುಣ್ಣದ ಗೋಡೆಗೆ ಮಕ ಇಟ್ಟಂಗೈತೆ. ಕೆಳಕ್ಕೆ ಹೋಗಾಣ, ಅಲ್ಲಿ ಚೆನ್ನಾಗಿ ಕಾಣ್ತೈತೆ."

ನಾಲ್ಕು ನಿಮಿಷ ನಿಂತಿದ್ದೆವು. ಕೆಳಗೆ ಬಂದವಳೇ ಕುರ್ಚಿಗೆ ಹೋದಳು.

ಡಾಕ್ಟರು ಹೇಳಿದ್ದು ನೆನಪಿತ್ತು. ಕಣ್ಣು ಕಳಿಸದೆ ಇರುವ ಜಾಗಕ್ಕೆ ಮೆದುಳು ತುಂಬುತ್ತದೆ. ಹಾಗಾದರೆ ಅವಳು ನೋಡುತ್ತಿರುವ ಸಮುದ್ರ ಅವಳದ್ದೇ. ಅದಕ್ಕೂ ಹೊರಗಿನದಕ್ಕೂ ಸಂಬಂಧ ಇರಬಾರದು. ನೋಡಿಯೇಬಿಡೋಣವೆಂದು ಅವಳು ಹೇಳಿದ್ದನ್ನೆಲ್ಲ ಗಂಟೆ ನಿಮಿಷದ ಸಮೇತ ಬರೆದುಕೊಳ್ಳತೊಡಗಿದೆ. ಬರೆದ ಕೂಡಲೇ, ಟೀ ತರುತ್ತೇನೆ, ನೀರು ತರುತ್ತೇನೆ ಎಂದು ನೆವ ಹೇಳಿ ಮೇಲಕ್ಕೆ ಓಡುವುದು, ಹಡಗಿನ ಅದೇ ಮಗ್ಗುಲಲ್ಲಿ ನಿಂತು ನೋಡುವುದು.

ಒಂಬತ್ತೂ ಐದು: "ಮೂರು ಬಿಳೀ ಹಕ್ಕಿ, ಒಂದ್ರ ಹಿಂದೆ ಒಂದು." ಮೇಲೆ ಹೋದಾಗ ಹಕ್ಕಿಗಳಿದ್ದವು, ನಾಲ್ಕು. ಹತ್ತೂ ನಲವತ್ತು: "ಕೆಂಪು ಹೊಟ್ಟೆ ಹಡಗು, ನಮ್ಮ ಎದುರಿಗೆ ಬಂದು ಹಿಂದಕ್ಕೆ ಹೋಯ್ತು." ದೂರದಲ್ಲಿ ಸರಕು ಹಡಗೊಂದು ಹಿಂದಕ್ಕೆ ಸರಿಯುತ್ತಿತ್ತು. ಅದರ ಕೆಳಭಾಗ ತುಕ್ಕಿನ ಕೆಂಪು. ಮಧ್ಯಾಹ್ನ ಎರಡಕ್ಕೆ: "ನೀರು ಒಂದು ಪಟ್ಟಿ ಕರ್ರಗೈತೆ, ಎರೆ ಹೊಲ ಇದ್ದಂಗೆ." ಮೋಡದ ನೆರಳು ಬಿದ್ದಿತ್ತು. ಆ ದಿನ ಅವಳು ಹೇಳಿದ್ದು ಒಂಬತ್ತು. ಆರು ಮೇಲೆ ಇದ್ದವು, ಎರಡು ಇರಲಿಲ್ಲ. ಸಮುದ್ರದಲ್ಲಿ ಹಕ್ಕಿ, ಹಡಗು, ನೆರಳು ಇರುವುದು ವಿಶೇಷವೇನಲ್ಲ. ಯಾರು ಊಹಿಸಿ ಹೇಳಿದರೂ ಅರ್ಧ ಸರಿಯಾಗುತ್ತದೆ. ಹೀಗೆಂದು ಪುಸ್ತಕದಲ್ಲಿ ಬರೆದೆ, ಬರೆದ ಮೇಲೆ ಓದಿದೆ, ಧೈರ್ಯ ಬರಲಿಲ್ಲ.

ಒಂಬತ್ತನೆಯದನ್ನು ನೋಡಲು ನಾನು ಹೋಗಲಿಲ್ಲ. ಸಂಜೆ ಆರು ಗಂಟೆಗೆ ಅವಳು, "ನಮ್ಮ ಕಡೆ ನೋಡ್ತಾ ಒಬ್ಬಳು ಕುಂತವ್ಳೆ ನೀರಿನ ಮ್ಯಾಲೆ. ಹಡಗಿನ ಸಮಕ್ಕೆ ಬರ್ತಾವ್ಳೆ. ಯಾರಂತ ಕೇಳ್ಬ್ಯಾಡ," ಅಂದಳು. ಕೇಳಲಿಲ್ಲ.

ಮೂರನೆಯ ದಿನ ದ್ವೀಪವೊಂದರ ಆಚೆ, ಆಳ ನೀರಿನಲ್ಲಿ ಹಡಗು ಲಂಗರು ಹಾಕಿತು. ಜನ ಸಣ್ಣ ದೋಣಿಗಳಲ್ಲಿ ದ್ವೀಪಕ್ಕೆ ಹೋದರು. ಓಣಿಯಲ್ಲಿ ಸದ್ದಡಗಿತು. ಅತ್ತೆ ಬರುವುದಿಲ್ಲ ಎಂದಳು. ಕುರ್ಚಿ ಬಿಟ್ಟು ಏಳುವುದೇ ಅವಳಿಗೆ ಇಷ್ಟವಿರಲಿಲ್ಲ. ಹತ್ತು ಗಂಟೆಗೆ ಧ್ವನಿವರ್ಧಕದಲ್ಲಿ, ಸಿಬ್ಬಂದಿಯ ತಾಲೀಮಿಗಾಗಿ ಜೀವರಕ್ಷಕ ದೋಣಿಗಳನ್ನು ಇಳಿಸಲಾಗುತ್ತದೆ ಎಂದು ಹೇಳಿದರು.

ಕಿಟಕಿಯ ಕಡೆ ನೋಡಿದೆ. ಹೊರಗೆ ಹಗ್ಗದ ಕೀಚಲು, ಯಾರೋ ಕೂಗಿದರು, ಕಿತ್ತಳೆ ಹೊಟ್ಟೆ ಒಮ್ಮೆ ಅಲುಗಿ ಕೆಳಕ್ಕೆ ಜಾರತೊಡಗಿತು. ಮೊದಲು ಆಕಾಶ ಅಗಲವಾಯಿತು, ಆಮೇಲೆ ಆಕಾಶ ಮುಗಿಯುವ ಗೆರೆ, ಆಮೇಲೆ ನೀರು. ನೀಲಿ, ಅದರಾಚೆ ಇನ್ನೂ ಕಡುನೀಲಿ, ಗಾಜಿನ ತುಂಬ. ಕೊನೆಗೂ ಬಂತು, ನಾನು ಹಾಳು ಮಾಡಿದ್ದು ತಾನೇ ಸರಿಹೋಯಿತು ಎಂದು ಎದೆ ಹಗುರವಾಯಿತು. ಅತ್ತೆಯ ಮುಖ ನೋಡಿದೆ.

ಅವಳು ಬೆಚ್ಚಿ ಹಿಂದಕ್ಕೆ ಸರಿದಿದ್ದಳು.

"ಯಾಕ್ಲೇ ಪರದೆ ಎಳ್ದೆ?"

"ನಾನು ಎಳ್ದಿಲ್ಲ ಅತ್ತೆ. ತೆಗ್ದೇ ಐತೆ."

"ಬಿಳೀ ಪರದೆ ಕಾಣ್ತೈತಲ್ಲೋ. ತೆಗಿಯೋ, ನೋಡ್ತಿದ್ನಲ್ಲ, ತೆಗಿಯೋ." ಗಾಜಿನ ಮೇಲೆ ಕೈ ಆಡಿಸಿ ಬಟ್ಟೆ ಹುಡುಕಿದಳು. ಅವಳ ದನಿ ಸಣ್ಣ ಮಗುವಿನದಾಗಿತ್ತು. "ಮುಗ್ದೇ ಹೋಯ್ತಾ? ಇಷ್ಟು ಬೇಗ ಮುಗ್ದೋಯ್ತಾ ನನ್ನ ಕಣ್ಣು?"

ಪರದೆ ಎಳೆದರೆ ಕತ್ತಲು, ಬಿಟ್ಟರೆ ಬಿಳುಪು. ಏನು ಮಾಡಲೂ ತೋಚದೆ ಅವಳ ಎರಡೂ ಕೈ ಹಿಡಿದುಕೊಂಡು, "ಇಲ್ಲ ಅತ್ತೆ, ಮೋಡ ಅಡ್ಡ ಬಂದೈತೆ, ಈಗ ಹೋಗ್ತೈತೆ," ಎನ್ನುತ್ತಾ ನಿಂತೆ. ಸಮುದ್ರ ನನ್ನ ಕಣ್ಣೆದುರಿಗೆ ಹೊಳೆಯುತ್ತಿತ್ತು. ನಾನು ಅದು ಹೋಗಲಿ ಎಂದು ಕಾಯುತ್ತಿದ್ದೆ. ಇಪ್ಪತ್ತೆರಡು ನಿಮಿಷ.

ಮತ್ತೆ ಹಗ್ಗ ಕೀಚಲಿಟ್ಟಿತು. ಕಿತ್ತಳೆ ಬಣ್ಣ ಕೆಳಗಿನಿಂದ ಏರುತ್ತ ಬಂದು ನೀರನ್ನು ಮುಚ್ಚಿತು, ಗೆರೆಯನ್ನು ಮುಚ್ಚಿತು, ನಾಲ್ಕು ಬೆರಳು ಆಕಾಶ ಬಿಟ್ಟು ನಿಂತಿತು.

ಅತ್ತೆ ಉಸಿರು ಬಿಟ್ಟಳು. "ಹ್ಞಾಂ. ಈಗ ಬಂತು ನೋಡು. ಕುಂತ್ಕ ಬಾ, ನಿಂತ್ಕಂಡೇ ಇರ್ತೀಯಲ್ಲ ಯಾವಾಗ್ಲೂ. ಮೂರು ದಿನದಿಂದ ಒಂದು ಸಲನಾದ್ರೂ ನನ್ನ ಪಕ್ಕದಾಗೆ ಕುಂತು ನೋಡೀಯಾ? ಟೀ ಅಂತೀ, ನೀರು ಅಂತೀ, ಓಡ್ತೀ."

ಮಂಚವನ್ನು ಕುರ್ಚಿಯ ಹತ್ತಿರಕ್ಕೆ ಎಳೆಯಲಾಗದೆ, ನೆಲದ ಮೇಲೆ ಅವಳ ಮೊಣಕಾಲಿಗೆ ಒರಗಿ ಕೂತೆ. ಅವಳು ನೋಡುತ್ತಿದ್ದ ಕಡೆಗೇ ಮುಖ ಮಾಡಿ ದೋಣಿಯ ಹೊಟ್ಟೆಯನ್ನು ನೋಡಿದೆ. ಎರಡು ಹಲಗೆ ಕೂಡುವ ಕಡೆ ಬಣ್ಣ ಎದ್ದಿತ್ತು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಗೋ ಅಲೆ ಮುರಿಯಿತು, ಕಂಡಿತಾ, ಎಂದಳು. ಹ್ಞೂಂ ಎಂದೆ. ಅಗೋ ಮೀನು ಹಾರಿತು. ಹ್ಞೂಂ. ಅಲ್ಲಿ ನೀರು ಹಸಿರಾಯ್ತು, ಇಲ್ಲಿ ಕರ್ರಗಾಯ್ತು. ಹ್ಞೂಂ. ಅವಳು ತೋರಿಸುತ್ತ ಹೋದಳು, ನಾನು ಎಣಿಸುತ್ತ ಹೋದೆ, ಹದಿನಾರು ಸಲ ಸುಳ್ಳು ಹೇಳಿದೆ.

"ಅಗೋ, ನೀರಿನ ಮ್ಯಾಲೆ ಕುಂತಿದ್ದೋಳು ಎದ್ದು ಹೊಂಟ್ಳು," ಎಂದಳು. "ಎಡಕ್ಕೆ. ಕಂಡಳಾ?"

ಕಿತ್ತಳೆ ಬಣ್ಣದ ಮೇಲೆ, ಬಲದಿಂದ ಎಡಕ್ಕೆ, ಅವಸರವಿಲ್ಲದೆ ನಡೆದು ಹೋಗುವವರ ನೆರಳೊಂದು ದಾಟಿ ಗಾಜಿನ ಅಂಚಿನಲ್ಲಿ ಮರೆಯಾಯಿತು. ಏಳನೆಯ ಅಂತಸ್ತು ಅದು, ಕಿಟಕಿಗೂ ದೋಣಿಗೂ ನಡುವೆ ಕಾಲಿಡಲು ಜಾಗವಿಲ್ಲ.

"ಹ್ಞೂಂ ಅತ್ತೆ," ಎಂದೆ. "ಕಂಡಳು."